ಬೀದಿ ಬಿಟ್ಟು ಉಳಿದದ್ದೆಲ್ಲ: ಹಂಪಿ ಸೀಮೆಯ ಫೋಟೋಗಳ ಬಗ್ಗೆ

ಕನ್ನಡದಲ್ಲಿ ನಾವು ಫೋಟೋವನ್ನು ‘ತೆಗೆಯುತ್ತೇವೆ’. ಹೊಸಪೇಟೆ, ಬಳ್ಳಾರಿ ಕಡೆ ‘ಹೊಡೆಯುವುದೂ’ ಉಂಟು. ಹಳಬರು ‘ಹಿಡಿಸಿಕೊಂಡೆ’ ಎನ್ನುತ್ತಿದ್ದರು. ಈ ಮೂರರಲ್ಲಿ ‘ತೆಗೆ’ ಎಂಬ ಕ್ರಿಯಾಪದಕ್ಕೆ ಎರಡು ಮುಖ. ಬಾವಿಯಿಂದ ನೀರು ತೆಗೆಯುವುದೂ ತೆಗೆಯುವುದೇ, ರಸ್ತೆ ಬದಿಯ ಡಬ್ಬಿ ಅಂಗಡಿಯನ್ನು ತೆಗೆಯುವುದೂ ತೆಗೆಯುವುದೇ. ಹಂಪಿಯ ಫೋಟೋಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಈ ಎರಡೂ ಅರ್ಥಗಳು ಅಲ್ಲಿ ಜೊತೆಯಾಗಿಯೇ ದುಡಿಯುತ್ತಿವೆ ಅನ್ನಿಸುತ್ತದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ನಾಲ್ಕೈದು ಭಾಷೆಗಳಲ್ಲಿ ಕಿವಿಗೆ ಬೀಳುವ ಮಾತು ಒಂದೇ: ಸ್ವಲ್ಪ ಆ ಕಡೆ ಸರೀರಿ. ಗುರುತಿಲ್ಲದ ಮನುಷ್ಯರೆಲ್ಲ ಚೌಕಟ್ಟಿನಿಂದ ಆಚೆ ಸರಿದ ಮೇಲೆಯೇ ಹಂಪಿ ಹಂಪಿಯಾಗುತ್ತದೆ ಎಂಬ ನಂಬಿಕೆ ಫೋನು ಹಿಡಿದ ಹುಡುಗನಿಂದ ಹಿಡಿದು ದೊಡ್ಡ ಕ್ಯಾಮೆರಾದವರ ತನಕ ಎಲ್ಲರಲ್ಲೂ ಇದೆ.

ಕಾಲ್ನಡಿಗೆಯಲ್ಲಿ ಊರು ಸುತ್ತುತ್ತಾ, ಎದುರಾದದ್ದನ್ನು ಎದುರಾದ ಹಾಗೆ ಹಿಡಿಯುವ ಫೋಟೋಗ್ರಫಿಗೆ ನೂರು ವರ್ಷ ಮೀರಿದ ಪರಂಪರೆಯಿದೆ. ಅದಕ್ಕೆ ಬೇಕಾದದ್ದು ಬೀದಿ, ಸವೆಯುವ ಚಪ್ಪಲಿ, ಮತ್ತು ಯಾರನ್ನೂ ಸರಿಯಿರಿ ಎನ್ನದ ಸಂಯಮ. ಹೊಸಪೇಟೆಯನ್ನು ನಡುವೆ ಇಟ್ಟುಕೊಂಡರೆ ಹಂಪಿ 13 ಕಿಲೋಮೀಟರು, ಸಂಡೂರು ಮತ್ತು ಕಂಪ್ಲಿ ತಲಾ ಮೂವತ್ತರ ಆಸುಪಾಸು. ಒಂದಕ್ಕೊಂದು ಹೋಲದ ನಾಲ್ಕು ಊರುಗಳು. ಹಂಪಿಯ ಫೋಟೋಗಳಂತೂ ಲೆಕ್ಕಕ್ಕೆ ಸಿಗುವುದಿಲ್ಲ. ಆದರೂ ಈ ಸೀಮೆಯ ಬೀದಿಯ ಚಿತ್ರ ನಮ್ಮಲ್ಲಿ ಇಲ್ಲ ಎನ್ನುವಷ್ಟು ಕಡಿಮೆ. ಹಂಪಿ ಎಂದರೆ ಕಲ್ಲು, ಸಂಡೂರು ಎಂದರೆ ಅಗೆದ ಗುಡ್ಡ, ಕಂಪ್ಲಿ ಎಂದರೆ ಮುಳುಗಿದ ಸೇತುವೆ, ಹೊಸಪೇಟೆ ಎಂದರೆ ಅಣೆಕಟ್ಟಿನ ಗೇಟು. ಒಂದೊಂದು ಊರಿಗೆ ಒಂದೊಂದು ಚಿತ್ರ ಅಂಟಿಕೊಂಡುಬಿಟ್ಟಿದೆ. ಇದು ಹೇಗಾಯಿತು, ಇದರಿಂದ ಯಾರಿಗೆ ಏನಾಯಿತು ಎಂದು ನೋಡುವುದಕ್ಕೆ ಮೊದಲ ಫೋಟೋಗಳಿಂದಲೇ ಶುರುಮಾಡಬೇಕು.

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಪಾಳುಗಳನ್ನು ಕ್ಯಾಮೆರಾದಲ್ಲಿ ಹಿಡಿದದ್ದು 1856ರಲ್ಲಿ. ಆಗಿನ್ನೂ ಫಿಲ್ಮು ಇರಲಿಲ್ಲ. ಮೇಣ ಹಚ್ಚಿದ ಕಾಗದಕ್ಕೆ ಬೆಳ್ಳಿಯ ಲವಣ ಸವರಿ, ಅದನ್ನೇ ನೆಗೆಟಿವ್ ಮಾಡಿಕೊಳ್ಳುವ ವಿಧಾನ ಅದು. ಚಿತ್ರವನ್ನು ಹಿಗ್ಗಿಸುವ ಸಾಧನವಿಲ್ಲದ ಕಾಲವಾದ್ದರಿಂದ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕು, ಅದು ಕೂರುವಷ್ಟು ದೊಡ್ಡ ಕ್ಯಾಮೆರಾ ಬೇಕು. ಗ್ರೀನ್‌ಲಾನ ನೆಗೆಟಿವ್‌ಗಳು ಸುಮಾರು ಒಂದೂವರೆ ಅಡಿ ಉದ್ದದವು. ಮರದ ಪೆಟ್ಟಿಗೆ, ಮುಕ್ಕಾಲಿ, ರಾಸಾಯನಿಕದ ಶೀಶೆಗಳನ್ನು ಹಂಪಿಯ ಬಂಡೆಗಳ ನಡುವೆ ಹೊತ್ತು ತಿರುಗಿದವರು ಇದ್ದೇ ಇರಬೇಕು. ಆದರೆ ಅಂಥ ಕಾಗದದ ಮೇಲೆ ಬೆಳಕು ಬಹಳ ಹೊತ್ತು ಬೀಳಬೇಕು. ಅಷ್ಟು ಹೊತ್ತಿನಲ್ಲಿ ನಡೆದಾಡುವ ಮನುಷ್ಯ, ಮೇಯುವ ಎಮ್ಮೆ, ಹಾರುವ ಪಾರಿವಾಳ ಯಾವುದೂ ನೆಗೆಟಿವ್‌ಗೆ ಅಂಟುವುದಿಲ್ಲ. ಅಲ್ಲಾಡದೆ ನಿಂತದ್ದು ಮಾತ್ರ ಉಳಿಯುತ್ತದೆ. ಆಗಿನ ಪುರಾತತ್ವದ ಚಿತ್ರಗಳಲ್ಲಿ ಮನುಷ್ಯ ಕಾಣಿಸಿಕೊಳ್ಳುತ್ತಿದ್ದದ್ದೇ ಅಪರೂಪ, ಕಂಡರೂ ಅಳತೆಗೋಲಿನ ಹಾಗೆ: ಕಂಬ ಎಷ್ಟು ಎತ್ತರ ಎಂದು ತಿಳಿಯಲು ಪಕ್ಕದಲ್ಲಿ ನಿಲ್ಲಿಸಿದ ಆಳು.

ಗ್ರೀನ್‌ಲಾನ ಮೇಲೆ ದೂರು ಹೇಳುವುದರಲ್ಲಿ ಅರ್ಥವಿಲ್ಲ. ಆ ಚಿತ್ರಗಳು ಅದ್ಭುತ. ಇವತ್ತು ನಾವು ನೋಡುವ ಕಲ್ಲಿನ ರಥದ ತಲೆ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದು ಹೋಯಿತು. ಆ ಒಂದು ಚಿತ್ರ ಇಲ್ಲದಿದ್ದರೆ ರಥ ಮೊದಲಿನಿಂದ ಹೀಗೇ ಇತ್ತು ಎಂದು ನಂಬಿಬಿಡುತ್ತಿದ್ದೆವು. 2017ರ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚಾದದ್ದೂ ಈ ಬೋಳು ರಥವೇ. ‘ಐತಿಹಾಸಿಕ’ ಎಂದು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ರೂಪಕ್ಕೆ ಎಷ್ಟು ವಯಸ್ಸು ಎಂದು ಕೇಳುವ ಧೈರ್ಯ ಹಳೆಯ ಫೋಟೋಗೆ ಇರುತ್ತದೆ.

ಈ ಚಿತ್ರಗಳ ಎರಡನೆಯ ಅಧ್ಯಾಯ 1983ರದು. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ 1980ರಿಂದ ಎರಡು ದಶಕ ಹಂಪಿಯಲ್ಲಿ ಬೀಡುಬಿಟ್ಟು ರಾಜಧಾನಿಯ ನೆಲವನ್ನು ಚೌಕ ಚೌಕವಾಗಿ ವಿಂಗಡಿಸಿಕೊಂಡು ದಾಖಲಿಸಿದರು. ಬಿಸಿಲಲ್ಲಿ ಕಾಲ್ನಡಿಗೆಯಲ್ಲಿ ಆದ ಕೆಲಸ ಅದು. ಹಂಪಿಯಲ್ಲಿ ಅವರಷ್ಟು ನಡೆದ ಸಂಶೋಧಕರು ಕಡಿಮೆ. ಅವರ ಜೊತೆಗೂಡಿದ ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ 127 ವರ್ಷದ ಹಿಂದೆ ಮುಕ್ಕಾಲಿ ಊರಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. ಜೋಡಿ ಚಿತ್ರಗಳು ಪ್ರದರ್ಶನವಾದವು, ಪುಸ್ತಕವಾದವು. ಪಕ್ಕಪಕ್ಕದಲ್ಲಿಟ್ಟು ನೋಡುವುದು ಬಲು ರುಚಿಕರ ಆಟ: ಯಾವ ಕಂಬ ಬಿತ್ತು, ಯಾವ ಗೋಡೆ ಎದ್ದಿತು, ಎಲ್ಲಿ ಗಿಡ ಬೆಳೆಯಿತು.

ನನ್ನ ತಕರಾರು ಇಲ್ಲಿ ಶುರುವಾಗುತ್ತದೆ. ಗ್ರೀನ್‌ಲಾನಿಗೆ ಜನರು ಸಿಗದಿದ್ದದ್ದು ತಂತ್ರಜ್ಞಾನದ ಮಿತಿಯಿಂದ. ಗಾಲಿಂಗ್ಸ್ ಕಾಲಕ್ಕೆ ಆ ಮಿತಿ ಇರಲಿಲ್ಲ. ಆದರೆ ಜೋಡಿ ಹೊಂದಬೇಕಾದರೆ ಎರಡನೆಯ ಚಿತ್ರ ಮೊದಲನೆಯದರ ನಿಯಮಕ್ಕೆ ಒಳಪಡಬೇಕು. ಕಟ್ಟಡವೇ ವಿಷಯ, ಉಳಿದದ್ದು ಅಡ್ಡಿ. 1983ರಲ್ಲಿ ಹಂಪಿ ಒಂದು ಊರು. ಪಂಚಾಯತಿ, ಚಹದಂಗಡಿ, ಬಸ್ ಸ್ಟಾಪು ಇದ್ದ ಊರು. 127 ವರ್ಷದಲ್ಲಿ ಏನೇನು ಬದಲಾಯಿತು ಎಂಬ ಪ್ರಶ್ನೆಗೆ ಅತಿ ದೊಡ್ಡ ಉತ್ತರ ಆ ಊರೇ ಆಗಿತ್ತು. ಕಲ್ಲಿನ ಲೆಕ್ಕ ಇಡಲು ಹುಟ್ಟಿದ ಯೋಜನೆ ಅದಾದ್ದರಿಂದ ಅದರಿಂದ ಇದನ್ನು ನಿರೀಕ್ಷಿಸುವುದು ತಪ್ಪು ಎನ್ನಬಹುದು, ಒಪ್ಪುತ್ತೇನೆ. ಆದರೆ ಹಂಪಿಯನ್ನು ಹೇಗೆ ನೋಡಬೇಕು ಎಂಬ ಪಾಠ ಲೋಕಕ್ಕೆ ಹೋದದ್ದು ಇಂಥ ಚಿತ್ರಗಳ ಮೂಲಕವೇ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದರ ಹೆಸರೇ ‘ಹಂಪಿಯ ಸ್ಮಾರಕಗಳ ಸಮೂಹ’. ಸ್ಮಾರಕಗಳ ಸಮೂಹದಲ್ಲಿ ಇಸ್ತ್ರಿ ಅಂಗಡಿಗೆ ಜಾಗ ಎಲ್ಲಿ?

ಹಂಪಿ ಬಜಾರನ್ನೇ ತೆಗೆದುಕೊಳ್ಳಿ. ವಿರೂಪಾಕ್ಷನ ಗೋಪುರದಿಂದ ಮಾತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ನೇರವಾಗಿ ಚಾಚಿರುವ, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ರಥಬೀದಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಈ ದೇವಸ್ಥಾನದ ಮುಂದಿನ ಬೀದಿಯ ಚಂದದ ಮನೆಗಳನ್ನೂ ಅವುಗಳಲ್ಲಿ ತಂಗುವ ಯಾತ್ರಿಕರನ್ನೂ ಬರೆದಿಟ್ಟಿದ್ದಾನೆ. ಪಾಯಸ್ ಒಂದು ರೀತಿಯಲ್ಲಿ ಈ ಸೀಮೆಯ ಮೊದಲ ಬೀದಿ ಛಾಯಾಗ್ರಾಹಕ, ಕ್ಯಾಮೆರಾ ಇಲ್ಲದವನು: ಸಂತೆಯಲ್ಲಿ ಏನು ಮಾರುತ್ತಾರೆ, ಜನ ಎಷ್ಟು ಇಕ್ಕಟ್ಟಾಗಿ ನಡೆಯುತ್ತಾರೆ ಎಂಬುದರಲ್ಲೇ ಅವನಿಗೆ ಆಸಕ್ತಿ. ಅದೇ ಬೀದಿಯ ಮಂಟಪಗಳಲ್ಲಿ, ಅವುಗಳ ಮುಂದೆ, ದಶಕಗಳಿಂದ ಜನ ಸಂಸಾರ ಹೂಡಿದ್ದರು. ಕಲ್ಲುಕಂಬಗಳ ನಡುವೆ ಇಟ್ಟಿಗೆ ಗೋಡೆ, ತಗಡಿನ ಶೀಟು, ಹೋಟೆಲಿನ ಬೋರ್ಡು. 2011ರ ಜುಲೈ ಕೊನೆಯ ವಾರದಲ್ಲಿ ಜೆಸಿಬಿಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಪುನರ್ವಸತಿ ಎಂದು ತೋರಿಸಿದ್ದು ನಾಲ್ಕು ಕಿಲೋಮೀಟರು ಆಚೆಯ ಕಡ್ಡಿರಾಂಪುರವನ್ನು.

ಸಂರಕ್ಷಣೆಯವರ ವಾದದಲ್ಲೂ ಹುರುಳಿತ್ತು. ಕಂಬಗಳಿಗೆ ಮೊಳೆ ಹೊಡೆದಿದ್ದರು, ಮಂಟಪದ ಮೇಲೆ ಮಾಳಿಗೆ ಕಟ್ಟಿದ್ದರು, ಒಬ್ಬರ ಅಂಗಡಿ ಇನ್ನೊಬ್ಬರ ಲಾಡ್ಜಾಗಿ ಬೆಳೆಯುತ್ತಿತ್ತು. ಇದನ್ನೆಲ್ಲ ತಡೆಯಬಾರದಿತ್ತು ಎನ್ನಲಾರೆ. ಆದರೆ ಖಾಲಿಯಾದ ಮೇಲಿನ ಬೀದಿಯನ್ನು ನೋಡಿ: ಎರಡು ಕಡೆ ಬರಿದಾದ ಕಂಬಸಾಲು, ನಡುವೆ ಧೂಳು, ಕೊನೆಯಲ್ಲಿ ಗೋಪುರ. ಗ್ರೀನ್‌ಲಾನ ಮೇಣದ ಕಾಗದ ತನಗೆ ಗೊತ್ತಿಲ್ಲದೆ ಮಾಡಿದ್ದ ಕೆಲಸವನ್ನು ಒಂದೂವರೆ ಶತಮಾನದ ನಂತರ ಯಂತ್ರಗಳು ಮಾಡಿ ಮುಗಿಸಿದ ಹಾಗೆ ಕಾಣುತ್ತದೆ. ಫೋಟೋಗಳಿಂದಲೇ ತೆರವಾಯಿತು ಎಂದು ನಾನು ಹೇಳುತ್ತಿಲ್ಲ; ಅದಕ್ಕೆ ಕಾಯ್ದೆ, ಕೋರ್ಟು, ಪ್ರಾಧಿಕಾರ, ರಾಜಕೀಯ ಎಲ್ಲವೂ ಇದ್ದವು. ಆದರೆ ‘ಅಸಲಿ ಹಂಪಿ’ ಹೇಗಿರಬೇಕು ಎಂದು ಮೇಜಿನ ಹಿಂದೆ ಕೂತವರ ಕಣ್ಣೊಳಗೆ ಇದ್ದ ಚಿತ್ರ ಎಲ್ಲಿಂದ ಬಂದದ್ದು? ಅದು ಪಾಯಸ್ ಕಂಡ ಬೀದಿಯಂತೂ ಅಲ್ಲ.

ಪ್ಯಾರಿಸ್ಸಿನ ಯೂಜೀನ್ ಆಜೆ ಇಲ್ಲಿ ನೆನಪಾಗಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಭಾರದ ಮರದ ಕ್ಯಾಮೆರಾ ಮತ್ತು ಗಾಜಿನ ಪ್ಲೇಟುಗಳನ್ನು ಹೊತ್ತು, ಕೆಡವಲಿರುವ ಹಳೆಯ ಪ್ಯಾರಿಸ್ಸಿನ ಬೀದಿಗಳನ್ನು ದಿನವೂ ನಡೆದು ದಾಖಲಿಸಿದ ಮನುಷ್ಯ. ಅವನ ಬೀದಿಗಳೂ ಬಹುಪಾಲು ಖಾಲಿ. ಆ ಖಾಲಿತನ ಅಪರಾಧ ನಡೆದ ಜಾಗದ ಹಾಗಿದೆ ಎಂಬ ಅಭಿಪ್ರಾಯವನ್ನು ವಾಲ್ಟರ್ ಬೆಂಜಮಿನ್ ಬರೆದು ಪ್ರಸಿದ್ಧಗೊಳಿಸಿದ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಆಜೆ ಶುರುವಿನಲ್ಲಿ ತೆಗೆದದ್ದು ಬೀದಿ ವ್ಯಾಪಾರಿಗಳನ್ನು: ಬುಟ್ಟಿ ಮಾರುವವರು, ಚಿಂದಿ ಆಯುವವರು, ಹಾಡಿ ಬೇಡುವವರು. ಅಂಗಡಿ ಮುಂಗಟ್ಟುಗಳನ್ನು ತೆಗೆದಾಗಲೂ ತೂಗುಹಾಕಿದ ಕೋಟು, ಜೋಡಿಸಿದ ತರಕಾರಿ, ಗಾಜಿನ ಹಿಂದೆ ಮಸುಕಾದ ಮುಖ ಉಳಿದುಕೊಳ್ಳುತ್ತವೆ. ಮನುಷ್ಯ ಈಗ ತಾನೇ ಒಳಗೆ ಹೋದ ಎನ್ನಿಸುವ ಖಾಲಿತನ ಅದು. ಹಂಪಿಯ ಪ್ರಸಿದ್ಧ ಚಿತ್ರಗಳ ಖಾಲಿತನ ಇಂಥದ್ದಲ್ಲ. ಇಲ್ಲಿ ಯಾರೂ ಎಂದೂ ಇರಲಿಲ್ಲ ಎನ್ನುವ ಹಾಗೆ ಇರುತ್ತದೆ. 2011ರ ನಂತರದ ಬಜಾರಿನಲ್ಲಿ ಒಬ್ಬ ಆಜೆ ನಡೆದಿದ್ದರೆ ಕಂಬದ ಮೇಲೆ ಉಳಿದ ಸುಣ್ಣದ ಗುರುತು, ಒಲೆ ಇದ್ದ ಕಡೆಯ ಮಸಿ, ಕ್ಯಾಲೆಂಡರ್ ನೇತುಹಾಕಿದ ಮೊಳೆ ಇವುಗಳನ್ನು ಹುಡುಕುತ್ತಿದ್ದ.

ಆ ಬೀದಿ ಈಗಲೂ ಪೂರ್ತಿ ಖಾಲಿ ಎಂದು ತಿಳಿಯಬೇಡಿ. ಚೈತ್ರದ ಹುಣ್ಣಿಮೆಗೆ ತೇರು ಎಳೆಯುವಾಗ ಕಾಲಿಡಲು ಜಾಗವಿರುವುದಿಲ್ಲ. ಯಾತ್ರಿಕರು ಮಂಟಪದ ನೆರಳಿಗೆ ಸರಿಯುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಮಕ್ಕಳನ್ನು ಮಲಗಿಸುತ್ತಾರೆ. ರಥಬೀದಿ ಎಂಬ ಹೆಸರು ಹುಟ್ಟಿದ್ದೇ ಅದಕ್ಕೆ. ಪಾಯಸ್ ನೋಡಿದ್ದನ್ನು ನೋಡಬೇಕೆನ್ನುವವರು ಆ ದಿನ ಬರಬೇಕು. ಪೋಸ್ಟ್‌ಕಾರ್ಡಿನವರು ಅವತ್ತು ಬಹುಶಃ ಬೆಟ್ಟ ಹತ್ತಿ, ಮೇಲಿನಿಂದ, ಜನರು ಚುಕ್ಕೆಗಳಾಗುವಷ್ಟು ದೂರದಿಂದ ತೆಗೆಯುತ್ತಾರೆ.

ತಮಾಷೆಯೆಂದರೆ ವಿರೂಪಾಕ್ಷ ದೇವಸ್ಥಾನದ ಒಳಗೇ ಒಂದು ಕ್ಯಾಮೆರಾ ಇದೆ. ಹಿಂಬದಿಯ ಕತ್ತಲ ಕೋಣೆಯೊಂದರಲ್ಲಿ, ಕಿಂಡಿಯಿಂದ ಬಂದ ಬೆಳಕು ಎದುರುಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಗೈಡುಗಳು ಅದನ್ನು ‘ಉಲ್ಟಾ ನೆರಳು’ ಎನ್ನುತ್ತಾರೆ. ನಿಜಕ್ಕೆ ಅದು ನೆರಳಲ್ಲ, ಬಿಂಬ. ಪಿನ್‌ಹೋಲ್ ಕ್ಯಾಮೆರಾದ ತತ್ವ. ಆದರೆ ಗೈಡುಗಳನ್ನು ತಿದ್ದುವ ಮೊದಲು ನಮ್ಮ ‘ಛಾಯಾಚಿತ್ರ’ ಎಂಬ ಪದವನ್ನೂ ತಿದ್ದಬೇಕಾಗುತ್ತದೆ. ಆ ಕೋಣೆಯ ಕ್ಯಾಮೆರಾಕ್ಕೆ ನೆನಪಿನ ಶಕ್ತಿಯಿಲ್ಲ. ಹಾಗಾಗಿ ಅದು ಯಾರನ್ನೂ ಸರಿಯಿರಿ ಎನ್ನುವುದಿಲ್ಲ. ಕಿಂಡಿಯ ಎದುರಿಗೆ ಬೆಳಕಿನಲ್ಲಿ ಏನು ಹಾದುಹೋದರೂ ಗೋಡೆಯ ಮೇಲೆ ತಲೆಕೆಳಗಾಗಿ ಅದೂ ಹಾದುಹೋಗುತ್ತದೆ.

ಹೊಸಪೇಟೆಗೆ ಬರೋಣ. ಕೃಷ್ಣದೇವರಾಯ ತನ್ನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇದು ಎನ್ನುತ್ತಾರೆ. 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ. ಹಂಪಿಗೆ ಬರುವ ಪ್ರವಾಸಿಗೆ ಮಾತ್ರ ರೈಲು ಇಳಿದು ಆಟೋ ಹತ್ತುವ ಜಾಗ. ಹಂಪಿಯಲ್ಲಿ ಮೂರು ಸಾವಿರ ಫೋಟೋ ತೆಗೆದವರ ಕಾರ್ಡಿನಲ್ಲಿ ಹೊಸಪೇಟೆಯದು ಒಂದೂ ಇರುವುದಿಲ್ಲ. ಇದ್ದರೆ ಅಣೆಕಟ್ಟಿನದು: 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಒಂದು ವಾರ ದೇಶವೆಲ್ಲ ಈ ಊರಿನ ಕಡೆ ನೋಡಿತ್ತು.

ನಡೆಯುವವನಿಗೆ ನಾಲ್ಕರಲ್ಲಿ ಅತಿ ಒಳ್ಳೆಯ ಊರು ಇದೇ ಎನ್ನುವುದು ನನ್ನ ಅಭಿಪ್ರಾಯ. ಬೆಳಗ್ಗೆ ಒಗ್ಗರಣಿ-ಮಿರ್ಚಿಯ ಬಂಡಿಗಳ ಸುತ್ತ ಏಳುವ ಹೊಗೆಯಲ್ಲಿ ಓರೆ ಬಿಸಿಲು ಬೀಳುತ್ತದೆ. ವಿಜಯನಗರದ ಕಾಲದ ಕಾಲುವೆಗಳು ಇನ್ನೂ ನೀರು ಹೊತ್ತು ಊರೊಳಗೆ ಹರಿಯುತ್ತವೆ. ಅವು ಯಾವ ಸ್ಮಾರಕಕ್ಕೂ ಕಡಿಮೆಯಿಲ್ಲದಷ್ಟು ಹಳೆಯವು. ಟಿಕೆಟ್ ಇಲ್ಲದಿರುವುದರಿಂದ ಅವನ್ನು ಯಾರೂ ಸ್ಮಾರಕ ಎನ್ನುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೊಸಪೇಟೆಯಲ್ಲಿ ಫೋಟೋಗಳೇ ಬೀದಿಗಿಳಿದಿವೆ. ಫ್ಲೆಕ್ಸುಗಳನ್ನು ನೋಡಿ. ಹುಟ್ಟುಹಬ್ಬದ ಫ್ಲೆಕ್ಸಿನ ನಡುವೆ ಕನ್ನಡಕ ಹಾಕಿದ ನಾಯಕ, ಕೆಳಗೆ ಅಂಚಿನುದ್ದಕ್ಕೂ ಇಪ್ಪತ್ತು ಮೂವತ್ತು ಹುಡುಗರ ಪಾಸ್‌ಪೋರ್ಟ್ ಸೈಜಿನ ಮುಖಗಳು, ಒಂದೊಂದರ ಕೆಳಗೂ ಹೆಸರು. ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಅಜ್ಜಿಯ ಒಂದೇ ಒಂದು ಫೋಟೋ, ಬಹುಶಃ ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಪಕ್ಕದವರ ಭುಜ ಇನ್ನೂ ಅಂಟಿಕೊಂಡಿರುತ್ತದೆ. 2022ರಲ್ಲಿ ನಿಲ್ಲಿಸಿದ ಪುನೀತ್ ರಾಜ್‌ಕುಮಾರ್ ಪ್ರತಿಮೆಯ ಮುಂದೆ ಹಗಲು ರಾತ್ರಿ ಸೆಲ್ಫಿ. ಸುಸಂಸ್ಕೃತರು ಇದನ್ನು ಬೀದಿಯ ಕಸ ಎನ್ನುತ್ತಾರೆ, ಪೌರಾಡಳಿತಕ್ಕೆ ಇದು ತಲೆನೋವು. ಆದರೆ ತನ್ನ ಮುಖ ತನ್ನ ಊರಿನ ಬೀದಿಯಲ್ಲಿ ಒಂದು ವಾರವಾದರೂ ಇರಲಿ ಎಂದು ಇನ್ನೂರು ರೂಪಾಯಿ ಹಾಕುವ ಹುಡುಗನ ಆಸೆಗೂ, ಹದಿಮೂರು ಕಿಲೋಮೀಟರು ಆಚೆ ಮುಖಗಳನ್ನೆಲ್ಲ ಸರಿಸಿ ಹಿಡಿಯುವ ಚಿತ್ರಕ್ಕೂ ನಡುವೆ ಒಂದು ಜಗಳವಿದೆ. ಆ ಜಗಳವನ್ನು ಹಿಡಿದ ಫೋಟೋಗ್ರಾಫರ್ ನಮಗೆ ಬೇಕು.

ಸಂಡೂರಿನ ಪ್ರಕರಣ ಹೆಚ್ಚು ಗೋಜಲು, ಏಕೆಂದರೆ ಈ ಸೀಮೆಯ ಅತಿ ದೊಡ್ಡ ಛಾಯಾಗ್ರಾಹಕ ಹುಟ್ಟಿದ್ದು ಅಲ್ಲಿನ ರಾಜಮನೆತನದಲ್ಲಿ. ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ನಂತರ ಪಂಚಾಯತ್ ರಾಜ್ ಖಾತೆಯಿಂದ ಹೆಸರಾದವರು. ಛಾಯಾಗ್ರಹಣದ ಲೋಕಕ್ಕೆ ಮಾತ್ರ ಅವರು ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳ ದೊಡ್ಡ ಹೆಸರು. ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಅವರ ಪುಸ್ತಕ ಬಂದದ್ದು ಗಾಲಿಂಗ್ಸ್ ಹಂಪಿಯಲ್ಲಿ ಮುಕ್ಕಾಲಿ ಊರಿದ 1983ರಲ್ಲೇ. ಕಾಡಿನ ಕಂತುಗಂತಾದ ಬೆಳಕಿನಲ್ಲಿ ಆನೆಯ ಚರ್ಮದ ಸುಕ್ಕು, ಕಾಟಿಯ ಬೆನ್ನಿನ ಹೊಳಪನ್ನು ಹಿಡಿಯಲು ಬೇಕಾಗುವ ತಾಳ್ಮೆ ಎಂಥದ್ದು ಎಂದು ಬಲ್ಲವರಿಗೆ ಆ ಚಿತ್ರಗಳ ಬೆಲೆ ಗೊತ್ತು. ಬಣ್ಣ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಕಪ್ಪುಬಿಳುಪಿಗೇ ನಿಂತದ್ದೂ ಸಣ್ಣ ಹಟವಲ್ಲ.

ಅದೇ ಸಂಡೂರು ಮ್ಯಾಂಗನೀಸಿನ ಊರು, ಕಬ್ಬಿಣದ ಅದಿರಿನ ಊರು. ಅಲ್ಲಿನ ದೊಡ್ಡ ಗಣಿ ಕಂಪನಿ 1954ರಲ್ಲಿ ಶುರುವಾದದ್ದು ಘೋರ್ಪಡೆ ಮನೆತನದಿಂದಲೇ. ಊರನ್ನು ಬದಲಿಸಿದ್ದು ಗಣಿ, ಆದರೆ ಊರಿನ ದೊಡ್ಡ ಕಣ್ಣು ನೆಟ್ಟದ್ದು ಕಾಡಿನಲ್ಲಿ. ಇದನ್ನು ವ್ಯಕ್ತಿಯ ದೋಷ ಎನ್ನುವುದಕ್ಕಿಂತ ಒಂದು ಕಾಲದ ಅಭಿರುಚಿಯ ಗುರುತು ಎನ್ನಬೇಕು. ಕ್ಯಾಮೆರಾ ದುಬಾರಿ ಇದ್ದಾಗ ಅದು ಇದ್ದವರ ಕೈಯಲ್ಲಿತ್ತು. ಅವರಿಗೆ ಬೀದಿ ನಡೆದುಹೋಗುವ ಜಾಗವಾಗಿರಲಿಲ್ಲ, ಕಾರಿನ ಗಾಜಿನಾಚೆ ಸರಿದುಹೋಗುವ ಜಾಗ. ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಅಪವಾದ ಮೈಸೂರಿನ ಟಿ.ಎಸ್. ಸತ್ಯನ್. ಪತ್ರಿಕೆಗಳಿಗಾಗಿ ದುಡಿದು, ಕಾಲು ಸವೆಸಿ, ಶಾಲೆಗೆ ಹೋಗುವ ಮಕ್ಕಳನ್ನೂ ಕಟ್ಟೆಯ ಮೇಲೆ ಕೂತ ಮುದುಕರನ್ನೂ ಮೇಲಿನಿಂದಲ್ಲದೆ ಅವರ ಎತ್ತರದಲ್ಲೇ ನಿಂತು ನೋಡಿದವರು. ಅವರಂಥವರೊಬ್ಬರು ಸಂಡೂರಿಗೆ ಸಿಕ್ಕಿದ್ದರೆ ಎನ್ನಿಸುತ್ತದೆ.

ಗಣಿ ಹಗರಣದ ಕಾಲಕ್ಕೆ ಕ್ಯಾಮೆರಾಗಳು ಬಂದವು, ಆದರೆ ಬಹಳ ಎತ್ತರಕ್ಕೆ ಹೋದವು. ಎದುರು ಗುಡ್ಡದಿಂದ ಅಥವಾ ಆಕಾಶದಿಂದ ತೆಗೆದ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೆಂಪು ಬೆಟ್ಟ. ಹಂಪಿ ಬಜಾರು ಉರುಳಿದ ಅದೇ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆ ವಾರದ ಪತ್ರಿಕೆಗಳ ತುಂಬ ಇಂಥ ಚಿತ್ರಗಳು. ಅವು ಅಗತ್ಯವಿದ್ದವು, ಕೆಲಸ ಮಾಡಿದವು. ಆದರೆ ಗಾಯ ಎಷ್ಟು ದೊಡ್ಡದು ಎಂದು ತೋರಿಸುವ ಚಿತ್ರ ನೋವು ಯಾರದ್ದೆಂದು ತೋರಿಸುವುದಿಲ್ಲ. ಆ ಕೆಲಸ ಮಾಡಿದ್ದು ಕನ್ನಡದ ಗದ್ಯ. ಸಂಡೂರಿನವರೇ ಆದ ವಸುಧೇಂದ್ರರ ಕತೆ, ಪ್ರಬಂಧಗಳಲ್ಲಿ ಆ ಊರಿನ ಓಣಿ, ನಲ್ಲಿ, ಅಡುಗೆಮನೆಗಳಿವೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಗದ್ಯದಲ್ಲಿ ಈ ಬಿಸಿಲುಸೀಮೆ ಬೈಗುಳದ ಸಮೇತ ಇದೆ. ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆ ಸೂಫಿ, ನಾಥ, ಮೊಹರಂ ಪರಂಪರೆಗಳ ಬೆನ್ನುಹತ್ತಿ ಅಲೆದ ಅಲೆದಾಟವೇ ಒಂದು ದೊಡ್ಡ ಬರಹ. ಈ ಸೀಮೆಯ ಬರಹಗಾರರು ನಡೆದಿದ್ದಾರೆ. ಕ್ಯಾಮೆರಾ ಅವರ ಹಿಂದೆ ಹೋಗಲಿಲ್ಲ. ಸಂಡೂರಿನ ಗಿಡದೆಲೆಗಳ ಮೇಲೆ, ಅಂಗಡಿಯ ಶಟರಿನ ಮಡಿಕೆಗಳಲ್ಲಿ, ಒಣಗಲು ಹಾಕಿದ ಬಿಳಿ ಪಂಚ ಅರೆಗೆಂಪಾಗುವುದರಲ್ಲಿ ಕೂತ ಧೂಳನ್ನು ಒಂದು ತೋಳಿನ ದೂರದಿಂದ ನೋಡಿದ ಚಿತ್ರಸರಣಿ ಇದ್ದಿದ್ದರೆ ಆಕಾಶದ ಚಿತ್ರಗಳಿಗೆ ಒಂದು ನೆಲ ಸಿಗುತ್ತಿತ್ತು.

ಕಂಪ್ಲಿಯ ಬಗ್ಗೆ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಕಂಪ್ಲಿಯ ಚಿತ್ರ ಒಂದೇ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಗಂಗಾವತಿಗೆ ಹೋಗುವ ಸೇತುವೆ ಮುಳುಗುತ್ತದೆ. ಮರುದಿನ ಪತ್ರಿಕೆಯಲ್ಲಿ ಕೆಂಪು ನೀರು, ತುದಿ ಮಾತ್ರ ಕಾಣುವ ಕಂಬ, ಬ್ಯಾರಿಕೇಡಿನ ಹಿಂದೆ ನಿಂತ ಜನ. ಮುಂದಿನ ವರ್ಷ ಮತ್ತದೇ. ಹೆಸರು ತಾರೀಖು ತೆಗೆದರೆ ಯಾವ ವರ್ಷದ್ದೆಂದು ಹೇಳಲಾಗುವುದಿಲ್ಲ. ಗಂಡುಗಲಿ ಕುಮಾರರಾಮನ ಅಪ್ಪ ಕಂಪಿಲರಾಯ ಆಳಿದ ಊರಿಗೆ ಸಿಕ್ಕಿದ್ದು ವರ್ಷಕ್ಕೆ ಮೂರು ದಿನದ ಸುದ್ದಿ. ಉಳಿದ 362 ದಿನ ಕೋಟೆಯ ಬದಿಯ ಮೀನುಗಾರರು ಹರಿಗೋಲು ಬೋರಲು ಹಾಕಿ ಡಾಂಬರು ಬಳಿಯುತ್ತಾರೆ, ಬಾಳೆಗೊನೆಯ ಲಾರಿ ತುಂಬುತ್ತದೆ, ಅಕ್ಕಿ ಗಿರಣಿಯ ಹೊಟ್ಟು ಹಾರುತ್ತದೆ. ಜಿಲ್ಲಾ ವರದಿಗಾರನ ಮೇಲೆ ತಪ್ಪು ಹೊರಿಸಲಾಗದು. ಅವನಿಗೆ ಒಂದು ಕಾಲಮ್ಮಿನ ಜಾಗ, ಅದರಲ್ಲೂ ಸೇತುವೆ ಮುಳುಗಿದಾಗ ಮಾತ್ರ.

ಹಾಗಾದರೆ ಎಲ್ಲರೂ ಕ್ಯಾಮೆರಾ ಹಿಡಿದು ಬೀದಿಗೆ ಇಳಿಯಲಿ ಎಂದೆ? ಅಷ್ಟು ಸರಳವಿಲ್ಲ. ಬೀದಿ ಎಲ್ಲರಿಗೂ ಒಂದೇ ತೆರನಾಗಿ ತೆರೆದಿಲ್ಲ. ಸಂಜೆ ಏಳರ ನಂತರ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕ್ಯಾಮೆರಾ ಹಿಡಿದು ನಡೆಯುವ ಹೆಣ್ಣಿಗೆ ಸಿಗುವ ನೋಟವೇ ಬೇರೆ. ಹೆಸರಿನ ಮೇಲೆ ಸಂಶಯ ಪಡುವ ಕಾಲದಲ್ಲಿ ಕೆಲವರಿಗೆ ಕ್ಯಾಮೆರಾ ಹಿಡಿದು ಅಲೆಯುವುದೇ ವಿವರಣೆ ಕೊಡಬೇಕಾದ ಸಂಗತಿ. ಪ್ಯಾರಿಸ್ಸಿನಿಂದ ಬಂದ ‘ಸುಮ್ಮನೆ ಅಲೆಯುವವನು’ ಎಂಬ ಕಲ್ಪನೆ ಇಲ್ಲಿ ಹಾಗೇ ನಡೆಯದು. ಇನ್ನು ಫೋಟೋಗೆ ಸಿಕ್ಕವರ ಮಾತು. ಹಂಪಿಯಲ್ಲಿ ಲಂಬಾಣಿ ಹೆಂಗಸರು ಕನ್ನಡಿ ಕೆಲಸದ ಚೀಲ ಮಾರುತ್ತಾ ಕೂತಿರುತ್ತಾರೆ. ಫೋಟೋ ತೆಗೆದರೆ ದುಡ್ಡು ಕೇಳುತ್ತಾರೆ. ಪ್ರವಾಸಿಗಳು ಇದನ್ನು ಹಾಳಾದ ಮುಗ್ಧತೆ ಎಂಬಂತೆ ಗೊಣಗುತ್ತಾರೆ. ನನಗೆ ಇದು ಇಡೀ ಸೀಮೆಯ ಅತಿ ನೇರವಾದ ಛಾಯಾಗ್ರಹಣ ವಿಮರ್ಶೆ ಅನ್ನಿಸುತ್ತದೆ. ಅವರ ಕಸೂತಿಗೆ ‘ಸಂಡೂರು ಲಂಬಾಣಿ ಕಸೂತಿ’ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹೊಲಿಗೆಗೆ ಬೆಲೆ ಉಂಟು, ಅದನ್ನು ಉಟ್ಟ ಮುಖಕ್ಕೆ ಯಾಕಿಲ್ಲ ಎಂದು ಅವರು ಕೇಳುವುದರಲ್ಲಿ ತಪ್ಪೇನಿದೆ? ಇಪ್ಪತ್ತು ರೂಪಾಯಿ ಕೊಡುವಾಗ ಒಂದು ಮಾತುಕತೆ ಆಗುತ್ತದೆ. ಕದ್ದು ತೆಗೆದ ಚಿತ್ರದಲ್ಲಿ ಅದು ಆಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಅದರಲ್ಲಿ ಹೊಸ ಫೋಟೋ ತೆಗೆಯುವ ಅಗತ್ಯವೂ ಇಲ್ಲ. ಗ್ರೀನ್‌ಲಾ ಮತ್ತು ಗಾಲಿಂಗ್ಸ್‌ರ ಜೋಡಿಗೆ ಮೂರನೆಯ ಚಿತ್ರವೊಂದು ಬೇಕು, ಅದು ಈಗಾಗಲೇ ತೆಗೆದಾಗಿದೆ. ಬಜಾರಿನಲ್ಲಿ ಹುಟ್ಟಿ ಬೆಳೆದವರ ಆಲ್ಬಮ್ಮುಗಳಲ್ಲಿ ಅದು ಇರಲೇಬೇಕು: ಮಂಟಪದ ಕಂಬಕ್ಕೆ ಒರಗಿ ನಿಂತ ಹೊಸ ಜೋಡಿ, ಶಾಲೆಯ ಸಮವಸ್ತ್ರದಲ್ಲಿ ಎದುರು ಬಸವಣ್ಣನ ಮುಂದೆ ಮಕ್ಕಳು, ಹೋಟೆಲ್ ಶುರುಮಾಡಿದ ದಿನದ ಪೂಜೆ. ಕಮಲಾಪುರದ, ಹೊಸಪೇಟೆಯ ಸ್ಟುಡಿಯೋಗಳ ಕಪಾಟುಗಳಲ್ಲಿ ನೆಗೆಟಿವ್‌ಗಳಿದ್ದರೆ, ಅವು ಶಾಖಕ್ಕೆ ಅಂಟಿಕೊಳ್ಳುವ ಮೊದಲು ಯಾರಾದರೂ ಕೇಳಿ ನೋಡಬೇಕು. ಆ ಚಿತ್ರಗಳಲ್ಲಿ ಸ್ಮಾರಕ ಹಿನ್ನೆಲೆ, ಮುಂದೆ ಮನುಷ್ಯರು, ಹೆಸರಿರುವ ಮನುಷ್ಯರು. ಗಾಲಿಂಗ್ಸ್ ಮಾಡಿದ ಹಾಗೆಯೇ ಕಂಬಗಳ ಎಣಿಕೆ ಹಿಡಿದು, ನೆರಳಿನ ಕೋನ ನೋಡಿ, ಈ ಫೋಟೋ ಯಾವ ಮಂಟಪದ ಮುಂದೆ ತೆಗೆದದ್ದು ಎಂದು ಗುರುತಿಸಬಹುದು. ದಕ್ಷಿಣದ ಸಾಲಿನಲ್ಲಿ ಎಷ್ಟನೆಯದು, ಯಾರ ಮನೆ, ಬಾಗಿಲು ಎಲ್ಲಿತ್ತು, ಈಗ ಅವರು ಕಡ್ಡಿರಾಂಪುರದ ಯಾವ ಸಾಲಿನಲ್ಲಿದ್ದಾರೆ ಎಂದು.